ಫೈರ್‌ರೆಡ್‌ಗೆ ತಂಡ ಕಟ್ಟುವುದು: ಯಾರನ್ನು, ಎಲ್ಲಿ, ಯಾವಾಗ ಸೇರಿಸಿಕೊಳ್ಳಬೇಕು

ಪೋಕೆಮಾನ್ ಫೈರ್‌ರೆಡ್ ಆಟವನ್ನು ಅರ್ಧಕ್ಕೆ ಬಿಟ್ಟವರ ಸೇವ್ ತೆರೆದು ನೋಡಿದರೆ ಬಹುತೇಕ ಒಂದೇ ಸ್ಥಿತಿ ಕಾಣುತ್ತದೆ. ಸ್ಟಾರ್ಟರ್, ಅಂದರೆ ಆಟದ ಮೊದಲಲ್ಲೇ ಆರಿಸಿಕೊಂಡ ಪೋಕೆಮಾನ್, 48ನೇ ಲೆವೆಲ್‌ನಲ್ಲಿರುತ್ತದೆ, ಉಳಿದ ಐದು 25ರ ಆಸುಪಾಸಿನಲ್ಲಿ ಉಳಿದಿರುತ್ತವೆ. ಇಲ್ಲವೇ ಆರೂ 35ಕ್ಕೆ ಬಂದು ನಿಂತು, ಯಾವುದಕ್ಕೂ ಆಟದ ಕೊನೆಗೆ ಬರುವ ಎಲೀಟ್ ಫೋರ್ ಎಂಬ ನಾಲ್ವರನ್ನು ಎದುರಿಸುವ ಶಕ್ತಿ ಇರುವುದಿಲ್ಲ. ಎರಡಕ್ಕೂ ಮೂಲ ಒಂದೇ: ತಂಡವನ್ನು ಕೊನೆಯ ರೂಪ ನೋಡಿ ಆರಿಸಿದ್ದು. ಕೈಗೆ ಸಿಗುವ ಹೊತ್ತಿಗೆ ಅದು ಏನು ಮಾಡಬಲ್ಲದು ಎಂಬುದನ್ನು ನೋಡಿಯೇ ಇಲ್ಲ.

ಗಂಗಾವತಿ, ಸಿಂಧನೂರು ಕಡೆ ಕಾಲುವೆಯ ಕೊನೆ ಭಾಗದ ರೈತರು ಭತ್ತದ ತಳಿ ಆರಿಸುವಾಗ ಇಳುವರಿಯೊಂದನ್ನೇ ನೋಡುವುದಿಲ್ಲ, ನೀರು ನಿಲ್ಲುವುದರೊಳಗೆ ಕೊಯ್ಲಿಗೆ ಬರುತ್ತದೆಯೇ ಎಂದೂ ಲೆಕ್ಕ ಹಾಕುತ್ತಾರೆ. ಇಲ್ಲಿಯೂ ಅದೇ ಲೆಕ್ಕ. ಡ್ರಾಗನೈಟ್ ಬಲಶಾಲಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದರ ಮೊದಲ ರೂಪ ಡ್ರಾಟಿನಿ ಸಿಗುವುದು ಸಫಾರಿ ಝೋನ್ ಅಥವಾ ಗೇಮ್ ಕಾರ್ನರ್‌ನಲ್ಲಿ, ಅಂತಿಮ ರೂಪಕ್ಕೆ ಬರುವುದು 55ನೇ ಲೆವೆಲ್‌ಗೆ. ಅಷ್ಟರೊಳಗೆ ಆಟವೇ ಮುಗಿಯುವ ಹಂತಕ್ಕೆ ಬಂದಿರುತ್ತದೆ.

ಏಪ್ರಿಲ್–ಮೇ ರಜೆಯಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿಗೆ ಮಧ್ಯಾಹ್ನವೆಲ್ಲ ಮನೆಯೊಳಗೇ ಕೂರುವ ಹೊತ್ತಿನಲ್ಲಿ ಹಳೆಯ ಗೇಮ್‌ಬಾಯ್ ಅಡ್ವಾನ್ಸ್ ತೆಗೆಯುವವರಿಗಾಗಿ ಈ ಬರಹ. ಇಲ್ಲಿರುವ ಲೆವೆಲ್, ಬೆಲೆ, ಜಾಗ ಎಲ್ಲವೂ 2004ರ ಫೈರ್‌ರೆಡ್ ಮತ್ತು ಲೀಫ್‌ಗ್ರೀನ್ ಆಟಗಳವು. ಹೊಸ ಪೋಕೆಮಾನ್ ಆಟಗಳಲ್ಲಿ ನಿಯಮ ಬೇರೆ, ಅವುಗಳಿಗೆ ಇದನ್ನು ಹಾಗೇ ಅನ್ವಯಿಸಬೇಡಿ.

ಮೊದಲು ಗೊತ್ತಿರಬೇಕಾದ ಮೂರು ನಿಯಮ

ಒಂದು, ಅನುಭವದ ಅಂಕ, ಅಂದರೆ ಎಕ್ಸ್‌ಪಿ. ಸೋಲಿಸಿದ ಪೋಕೆಮಾನ್‌ನ ಮೂಲ ಅಂಕವನ್ನು ಅದರ ಲೆವೆಲ್‌ನಿಂದ ಗುಣಿಸಿ 7ರಿಂದ ಭಾಗಿಸುತ್ತಾರೆ. ಎದುರಾಳಿ ತರಬೇತುದಾರನಾಗಿದ್ದರೆ ಅದರ ಒಂದೂವರೆ ಪಟ್ಟು. ಆ ಕಾಳಗದಲ್ಲಿ ಕಣಕ್ಕಿಳಿದು ಬೀಳದೆ ಉಳಿದವರೆಲ್ಲರಿಗೂ ಅದನ್ನು ಸಮನಾಗಿ ಹಂಚಲಾಗುತ್ತದೆ. ಕಣಕ್ಕಿಳಿಯದವರಿಗೆ ಏನೂ ಇಲ್ಲ. ಆರು ಜನರನ್ನು ಬೆಳೆಸಲು ನಾಲ್ಕು ಜನರನ್ನು ಬೆಳೆಸುವುದರ ಒಂದೂವರೆ ಪಟ್ಟು ಕಾಳಗ ಬೇಕು. ಆಟದ ದಾರಿಯಲ್ಲಿ ತಾನಾಗಿ ಎದುರಾಗುವ ಕಾಳಗ ನಾಲ್ಕು ಜನರಿಗೆ ಸಾಕಾಗುತ್ತದೆ, ಆರಕ್ಕೆ ಸಾಲದು. ಕಣಕ್ಕಿಳಿಯದವರಿಗೂ ಅಂಕ ಕೊಡಿಸುವ ಎಕ್ಸ್‌ಪಿ ಶೇರ್ ಎಂಬ ವಸ್ತು ಇದೆಯಲ್ಲ ಎನ್ನಬಹುದು. ಅದನ್ನು ರೂಟ್ 15ರಲ್ಲಿ ಪ್ರೊಫೆಸರ್ ಓಕ್‌ನ ಸಹಾಯಕ ಕೊಡುತ್ತಾನೆ, ಆದರೆ 50 ಜಾತಿಯ ಪೋಕೆಮಾನ್ ಹಿಡಿದಿರಬೇಕು. ಅಷ್ಟನ್ನು ಹಿಡಿಯುವ ಸಮಯದಲ್ಲಿ ತಂಡವೇ ಬೆಳೆದಿರುತ್ತದೆ.

ಎರಡು, ಎಲ್ಲವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. 50ನೇ ಲೆವೆಲ್ ಮುಟ್ಟಲು ಸ್ಟಾರ್ಟರ್‌ಗಳು, ನಿಡೊಕಿಂಗ್, ಕಡಾಬ್ರಾ ಇರುವ ಗುಂಪಿಗೆ 1,17,360 ಅಂಕ ಬೇಕು. ಪಿಕಾಚು, ಡಿಗ್ಲೆಟ್, ಜೋಲ್ಟಿಯನ್ ಗುಂಪಿಗೆ 1,25,000. ಸ್ನಾರ್ಲ್ಯಾಕ್ಸ್, ಲಾಪ್ರಸ್, ಗ್ಯಾರಡೋಸ್, ಆರ್ಕನೈನ್, ಡ್ರಾಗನೈಟ್ ಗುಂಪಿಗೆ 1,56,250. ನಿಧಾನದ ಗುಂಪಿನಿಂದ ಒಂದು, ಹೆಚ್ಚೆಂದರೆ ಎರಡು. ಮೂರನೆಯದನ್ನು ತಂದರೆ ಕಾಡು ಪೋಕೆಮಾನ್‌ಗಳನ್ನು ಹೊಡೆಯುತ್ತಾ ಹುಲ್ಲಿನಲ್ಲೇ ಸುತ್ತಬೇಕಾಗುತ್ತದೆ.

ಮೂರನೆಯದು ಬಹಳ ಜನ ಮರೆಯುವಂಥದ್ದು, ಹೆಚ್ಚು ಪೆಟ್ಟು ಕೊಡುವುದೂ ಇದೇ. ಈ ಆಟದಲ್ಲಿ ಒಂದು ಮೂವ್, ಅಂದರೆ ಪೋಕೆಮಾನ್ ಹಾಕುವ ಪಟ್ಟು, ಅಟ್ಯಾಕ್ ಅಂಕಿಯಿಂದ ಹೊಡೆಯುತ್ತದೆಯೇ, ಸ್ಪೆಷಲ್ ಅಟ್ಯಾಕ್‌ನಿಂದ ಹೊಡೆಯುತ್ತದೆಯೇ ಎಂಬುದು ಅದರ ಟೈಪ್, ಅಂದರೆ ಬೆಂಕಿ, ನೀರು ಮೊದಲಾದ ಬಗೆಯ ಮೇಲೆ ನಿಂತಿದೆ. ಫೈರ್, ವಾಟರ್, ಎಲೆಕ್ಟ್ರಿಕ್, ಗ್ರಾಸ್, ಐಸ್, ಸೈಕಿಕ್, ಡ್ರಾಗನ್, ಡಾರ್ಕ್ ಮೂವ್‌ಗಳೆಲ್ಲ ಸ್ಪೆಷಲ್. ನಾರ್ಮಲ್, ಫೈಟಿಂಗ್, ಫ್ಲೈಯಿಂಗ್, ಗ್ರೌಂಡ್, ರಾಕ್, ಬಗ್, ಗೋಸ್ಟ್, ಪಾಯ್ಸನ್, ಸ್ಟೀಲ್ ಎಲ್ಲ ಫಿಸಿಕಲ್. ಮೂವ್‌ಗೊಂದು ಲೆಕ್ಕ ಬಂದದ್ದು 2006ರ ಡೈಮಂಡ್–ಪರ್ಲ್ ಆಟಗಳಿಂದ. ಹಾಗಾಗಿ ಗ್ಯಾರಡೋಸ್‌ನ ಅಟ್ಯಾಕ್ 125 ಇದ್ದರೂ ಅದರ ಸರ್ಫ್, ಬೈಟ್ ಎರಡೂ 60ರ ಸ್ಪೆಷಲ್ ಅಟ್ಯಾಕ್‌ನಿಂದಲೇ ಹೊಡೆಯುತ್ತವೆ. ಹಿಟ್‌ಮನ್‌ಚಾನ್‌ನ ಬೆಂಕಿ, ಐಸ್, ಮಿಂಚಿನ ಗುದ್ದುಗಳು ಸಪ್ಪೆಯಾಗುವುದಕ್ಕೂ ಇದೇ ಕಾರಣ. ಯಾರನ್ನೇ ಸೇರಿಸುವ ಮೊದಲು ಅದರ ದೊಡ್ಡ ಅಂಕಿ ಯಾವುದು, ಅದು ಕಲಿಯುವ ಮೂವ್‌ಗಳು ಆ ಅಂಕಿಯನ್ನು ಬಳಸುತ್ತವೆಯೇ ಎಂದು ನೋಡಿ.

ಹೆಜ್ಜೆ 1: ಸ್ಟಾರ್ಟರ್

ಬೇಗ ಮುಗಿಸಬೇಕೆಂದರೆ ಬಲ್ಬಸಾರ್ ಅಥವಾ ಚಾರ್‌ಮ್ಯಾಂಡರ್. ಬಲ್ಬಸಾರ್ 10ನೇ ಲೆವೆಲ್‌ಗೆ ವೈನ್ ವ್ಹಿಪ್ ಕಲಿಯುತ್ತದೆ. ಮೊದಲ ಜಿಮ್‌ನ (ದಾರಿಯಲ್ಲಿ ಗೆಲ್ಲಬೇಕಾದ ಅಖಾಡದ) ನಾಯಕ ಬ್ರಾಕ್‌ನ ಜಿಯೋಡ್ಯೂಡ್ 12, ಆನಿಕ್ಸ್ 14, ಎರಡಕ್ಕೂ ಗ್ರಾಸ್ ಪೆಟ್ಟು ನಾಲ್ಕು ಪಟ್ಟು. ಎರಡನೇ ಜಿಮ್‌ನ ಮಿಸ್ಟಿಯ ಸ್ಟಾರ್ಮಿ 21ನೇ ಲೆವೆಲ್‌ನದು, ಅಲ್ಲಿಯೂ ಬಲ್ಬಸಾರ್‌ಗೇ ಮೇಲುಗೈ. 32ಕ್ಕೆ ವೀನಸಾರ್ ಆಗಿಬಿಡುತ್ತದೆ, ಉಳಿದಿಬ್ಬರು ಕೊನೆಯ ರೂಪಕ್ಕೆ 36ರವರೆಗೆ ಕಾಯಬೇಕು. ಮುಂದೆ ಜಿಮ್ ನಾಯಕರಾದ ಕೋಗಾ, ಬ್ಲೇನ್ ಎದುರು ಅದು ಹಿಂದೆ ಬೀಳುತ್ತದೆ, ಅಷ್ಟರೊಳಗೆ ಬೇರೆಯವರು ತಯಾರಾಗಿರಬೇಕು.

ಚಾರ್‌ಮ್ಯಾಂಡರ್‌ಗೆ ಮೊದಲೆರಡು ಜಿಮ್ ಕಷ್ಟ ಎಂಬ ಮಾತು ಪೂರ್ತಿ ನಿಜವಲ್ಲ. ಫೈರ್‌ರೆಡ್‌ನಲ್ಲಿ 13ನೇ ಲೆವೆಲ್‌ಗೆ ಮೆಟಲ್ ಕ್ಲಾ ಬರುತ್ತದೆ, ಬ್ರಾಕ್‌ಗೆ ಅದು ಸಾಕು. ಜೊತೆಗೆ ರೂಟ್ 22ರಲ್ಲಿ ಮ್ಯಾಂಕಿ ಹಿಡಿದರೆ ಇನ್ನೂ ಸಲೀಸು. ಅದರ ಲೋ ಕಿಕ್‌ನ ಬಲ ಎದುರಾಳಿಯ ತೂಕದ ಮೇಲೆ ನಿಂತಿದೆ, ಆನಿಕ್ಸ್ 210 ಕೆ.ಜಿ. ಇರುವುದರಿಂದ ಪೂರ್ತಿ 120 ಬಲದಲ್ಲಿ ಬೀಳುತ್ತದೆ. ಮಿಸ್ಟಿಯನ್ನು ಮಾತ್ರ ಚಾರ್‌ಮೀಲಿಯನ್ ಕೈಗೆ ಬಿಡಬೇಡಿ. ಅವಳ ಊರಾದ ಸೆರುಲಿಯನ್‌ನ ಉತ್ತರಕ್ಕಿರುವ ರೂಟ್ 24ರಲ್ಲಿ ಫೈರ್‌ರೆಡ್‌ನವರಿಗೆ ಆಡಿಶ್, ಲೀಫ್‌ಗ್ರೀನ್‌ನವರಿಗೆ ಬೆಲ್‌ಸ್ಪ್ರೌಟ್ ಸಿಗುತ್ತವೆ. ಆ ಒಂದು ಜಿಮ್‌ಗಾಗಿ ಹಿಡಿದು, ಗೆದ್ದ ಮೇಲೆ ಬಾಕ್ಸ್‌ಗೆ ಹಾಕಿ. ಚಾರಿಜಾರ್ಡ್‌ಗೆ ಇನ್ನೊಂದು ಗುಣವಿದೆ: ದಾರಿ ಸಾಗಲು ನೆರವಾಗುವ ಕಟ್, ಫ್ಲೈ, ಸ್ಟ್ರೆಂತ್ ಮೂರನ್ನೂ ಕಲಿಯಬಲ್ಲದು.

ಸ್ಕ್ವರ್ಟಲ್ ಎಲ್ಲೂ ಸೋಲದು, ಎಲ್ಲೂ ಓಡದು. ನೀರು ದಾಟಿಸುವ ಸರ್ಫ್ ಮಾಡುವವರನ್ನು ಬೇರೆ ಹುಡುಕಬೇಕಿಲ್ಲ ಎಂಬುದು ಅದರ ದೊಡ್ಡ ಅನುಕೂಲ.

ಹೆಜ್ಜೆ 2: ರೂಟ್ 3ರಲ್ಲೇ ನಿಡೊರಾನ್

ಈ ಆಟದಲ್ಲಿ ಖರ್ಚಿಗೆ ತಕ್ಕ ಪ್ರತಿಫಲ ಎಂದರೆ ಗಂಡು ನಿಡೊರಾನ್. ಬ್ರಾಕ್ ಸೋತ ಕೂಡಲೇ ರೂಟ್ 3ರ ಹುಲ್ಲಿನಲ್ಲಿ ಸಿಗುತ್ತದೆ. 16ನೇ ಲೆವೆಲ್‌ಗೆ, ಅಂದರೆ 2,535 ಅಂಕಕ್ಕೆ ನಿಡೊರಿನೋ ಆಗುತ್ತದೆ. ಮೂನ್ ಸ್ಟೋನ್ ಮೌಂಟ್ ಮೂನ್‌ನ ಒಳಗೇ ಬಿದ್ದಿದೆ. ಕಲ್ಲು ಕೊಟ್ಟ ಕ್ಷಣ ನಿಡೊಕಿಂಗ್. ಮೂರನೇ ಜಿಮ್‌ಗೆ ಮೊದಲೇ ಪೂರ್ತಿ ಬೆಳೆದ, 92 ಅಟ್ಯಾಕ್, 85 ಸ್ಪೆಷಲ್ ಅಟ್ಯಾಕ್, 85 ವೇಗ ಇರುವ ಪೋಕೆಮಾನ್ ಕೈಯಲ್ಲಿರುತ್ತದೆ.

ಎಡವುವ ಜಾಗ ಒಂದಿದೆ. ನಿಡೊಕಿಂಗ್ ಆದ ಮೇಲೆ ತಾನಾಗಿ ಕಲಿಯುವ ಮೂವ್ ಎರಡೇ: 22ಕ್ಕೆ ಥ್ರಾಶ್, 43ಕ್ಕೆ ಮೆಗಾಹಾರ್ನ್. ಹಾಗಾಗಿ ಡಬಲ್ ಕಿಕ್, ಪಾಯ್ಸನ್ ಸ್ಟಿಂಗ್ ಕಲಿತ ಮೇಲೆ, 17 ದಾಟಿಸಿ, ಕಲ್ಲು ಕೊಡಿ. 22ಕ್ಕಿಂತ ಮೊದಲು ಕೊಟ್ಟರೆ ಥ್ರಾಶ್ ತಪ್ಪುವುದಿಲ್ಲ. ಸೆರುಲಿಯನ್‌ನಲ್ಲಿ ಕಳ್ಳತನ ಮಾಡಿ ಓಡುವ ರಾಕೆಟ್ ಗ್ಯಾಂಗಿನವನನ್ನು ಸೋಲಿಸಿದರೆ ಸಿಗುವ ಡಿಗ್, ಅಂದರೆ ಟಿಎಂ 28, ಇದಕ್ಕೇ ಸಲ್ಲಬೇಕು. ಟಿಎಂ ಎಂದರೆ ಮೂವ್ ಕಲಿಸುವ ವಸ್ತು, ಈ ಆಟದಲ್ಲಿ ಒಂದು ಟಿಎಂ ಒಂದೇ ಸಲ. ಕೊನೆಯ ಜಿಮ್‌ನಲ್ಲಿ ಜಿಯೊವಾನಿ ಕೊಡುವ ಅರ್ತ್‌ಕ್ವೇಕ್ ಕೂಡ ಇದಕ್ಕೇ.

ಮೂರನೇ ಜಿಮ್‌ನ ಸರ್ಜ್‌ನ ವೋಲ್ಟಾರ್ಬ್ 21, ಪಿಕಾಚು 18, ರಾಯ್ಚು 24. ಗ್ರೌಂಡ್ ಟೈಪ್‌ಗೆ ಎಲೆಕ್ಟ್ರಿಕ್ ತಾಗುವುದೇ ಇಲ್ಲ, ನಿಡೊಕಿಂಗ್ ಒಂದೇ ಆ ಜಿಮ್ ಮುಗಿಸುತ್ತದೆ. ನಿಡೊರಾನ್ ಹಿಡಿಯದೆ ಮುಂದೆ ಬಂದವರು ರೂಟ್ 11ರ ಕಡೆಯಿಂದ ಡಿಗ್ಲೆಟ್ ಗುಹೆಗೆ ಹೋಗಿ ಒಂದು ಡಿಗ್ಲೆಟ್ ತರಬಹುದು. ಮ್ಯಾಗ್ನಿಟ್ಯೂಡ್ ಕಲಿತೇ ಸಿಗುತ್ತದೆ, ಕಟ್ ಕೂಡ ಮಾಡುತ್ತದೆ. ಕೆಲವು ಡಿಗ್ಲೆಟ್‌ಗಳ ಅರೀನಾ ಟ್ರ್ಯಾಪ್ ಗುಣದಿಂದ ಕಾಳಗ ಬಿಟ್ಟು ಓಡಲು ಆಗುವುದಿಲ್ಲ, ಸುಸ್ತಾದ ತಂಡದೊಂದಿಗೆ ಆ ಗುಹೆಗೆ ಹೋಗಬೇಡಿ.

ಹೆಜ್ಜೆ 3: ಆಬ್ರಾ

ಆಬ್ರಾ ರೂಟ್ 24 ಮತ್ತು 25ರಲ್ಲಿದೆ. ಅದಕ್ಕೆ ಗೊತ್ತಿರುವುದು ಟೆಲಿಪೋರ್ಟ್ ಒಂದೇ, ತನ್ನ ಸರದಿ ಬಂದ ಕೂಡಲೇ ಮಾಯವಾಗುತ್ತದೆ. ಬಾಲ್ ಎಸೆಯುವುದು ಯಾವ ಮೂವ್‌ಗಿಂತಲೂ ಮೊದಲು ನಡೆಯುವುದರಿಂದ ಹೊಡೆದು ಸುಸ್ತು ಮಾಡುವ ಯೋಚನೆ ಬಿಟ್ಟು ನೇರವಾಗಿ ಬಾಲ್ ಎಸೆಯಿರಿ. ಸಾಮಾನ್ಯ ಪೋಕೆ ಬಾಲ್‌ಗೆ ಪೂರ್ತಿ ಆರೋಗ್ಯದ ಆಬ್ರಾ ಸಿಕ್ಕಿಬೀಳುವ ಸಾಧ್ಯತೆ ಹತ್ತಿರಹತ್ತಿರ ನಾಲ್ಕರಲ್ಲಿ ಒಂದು. 200 ಪೋಕೆಡಾಲರ್‌ನಂತೆ 10 ಬಾಲ್ ಇಟ್ಟುಕೊಂಡು ಹೋದರೆ ಬರಿಗೈಯಲ್ಲಿ ಬರುವುದು ಅಪರೂಪ.

ಹಿಡಿದ ಮೇಲೆ 16ಕ್ಕೆ ಕಡಾಬ್ರಾ ಆಗುವವರೆಗೆ ಅದು ಏನೂ ಮಾಡದು. 10ನೇ ಲೆವೆಲ್‌ನಲ್ಲಿ ಹಿಡಿದಿದ್ದರೆ ಬೇಕಾದದ್ದು 1,975 ಅಂಕ. ತಂಡದ ಮೊದಲ ಸ್ಥಾನದಲ್ಲಿಟ್ಟು, ಕಾಳಗ ಶುರುವಾದ ಕೂಡಲೇ ನಿಡೊರಿನೋ ಅಥವಾ ಸ್ಟಾರ್ಟರ್‌ಗೆ ಬದಲಿಸಿ, ಅಂಕದಲ್ಲಿ ಅರ್ಧ ಅದಕ್ಕೆ ಸಿಗುತ್ತದೆ. ರೂಟ್ 25ರ ತರಬೇತುದಾರರನ್ನು ಹೀಗೆ ಮುಗಿಸಿದರೆ ಬೇಗ ಕಡಾಬ್ರಾ ಸಿಗುತ್ತದೆ. 120 ಸ್ಪೆಷಲ್ ಅಟ್ಯಾಕ್, 105 ವೇಗ. 36ಕ್ಕೆ ಸೈಕಿಕ್ ಬಂದ ಮೇಲೆ ಕೋಗಾ, ಎಲೀಟ್ ಫೋರ್‌ನ ಬ್ರೂನೋ ಮತ್ತು ಅಗಾಥಾ ಮೂವರೂ ಇದರ ಪಾಲಿಗೆ. ಜಿಮ್ ನಾಯಕಿ ಎರಿಕಾಳ ವಿಕ್ಟ್ರಿಬೆಲ್, ವೈಲ್‌ಪ್ಲೂಮ್ ಅರ್ಧ ಪಾಯ್ಸನ್ ಆದ್ದರಿಂದ ಅಲ್ಲಿಯೂ ಕೆಲಸ ಆಗುತ್ತದೆ.

ಸ್ವಭಾವ, ಅಂದರೆ ನೇಚರ್ ನೋಡಬೇಕಾದದ್ದು ಇಲ್ಲೇ. ಅಡಮಂಟ್ ಅಥವಾ ಜಾಲಿ ಎಂದಿದ್ದರೆ ಸ್ಪೆಷಲ್ ಅಟ್ಯಾಕ್ 10% ಕಡಿಮೆ, ಇನ್ನೊಂದು ಹಿಡಿಯಿರಿ. ಮಾಡೆಸ್ಟ್, ಟಿಮಿಡ್ ಸಿಕ್ಕರೆ ಒಳ್ಳೆಯದು. ಉಳಿದ ಪೋಕೆಮಾನ್‌ಗಳಿಗೆ ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಕಡಾಬ್ರಾ ಅಲಕಾಜಾಮ್ ಆಗಲು ಟ್ರೇಡ್ ಬೇಕು. ಎರಡು ಯಂತ್ರ, ಎರಡು ಆಟ, ಒಂದು ಲಿಂಕ್ ಕೇಬಲ್ ಅಥವಾ ಎರಡು ವೈರ್‌ಲೆಸ್ ಅಡಾಪ್ಟರ್ ಸೇರಬೇಕು. ಬೆಂಗಳೂರಿನಲ್ಲೇ ಇದೆಲ್ಲ ಕಷ್ಟ. ಒಬ್ಬರು ಸಿರುಗುಪ್ಪದಲ್ಲಿ, ಇನ್ನೊಬ್ಬರು ಲಿಂಗಸುಗೂರಿನಲ್ಲಿ ಇದ್ದರೆ ರಜೆಗೆ ಒಂದೇ ಊರಿಗೆ ಬಂದಾಗ ಮಾತ್ರ ಆದೀತು. ಅದಕ್ಕೇ ಟ್ರೇಡ್ ನಂಬಿ ತಂಡ ಕಟ್ಟಬೇಡಿ. ಕಡಾಬ್ರಾ ಹಾಗೇ ಇದ್ದರೂ ಆಟ ಮುಗಿಸುತ್ತದೆ. ಮಚೋಕ್, ಗ್ರಾವೆಲರ್, ಹಾಂಟರ್ ಬಗ್ಗೆ ಆ ಮಾತು ಹೇಳಲಾಗದು. ಗೋಲ್‌ಬ್ಯಾಟ್ ಬೆಳೆಸುವವರೂ ತಿಳಿದಿರಿ: ಪೋಕೆಮಾನ್‌ಗಳ ವಿಸ್ತೃತ ಪಟ್ಟಿಯಾದ ನ್ಯಾಷನಲ್ ಡೆಕ್ಸ್ ಸಿಗುವವರೆಗೆ, ಅಂದರೆ ಎಲೀಟ್ ಫೋರ್ ಗೆಲ್ಲುವವರೆಗಂತೂ ಅದು ಕ್ರೋಬ್ಯಾಟ್ ಆಗುವುದಿಲ್ಲ.

ಹೆಜ್ಜೆ 4: ದಾರಿ ಬಿಡಿಸುವ ಕೆಲಸಗಾರ

ಎಚ್‌ಎಂ ಎಂದರೆ ಕಾಳಗದ ಹೊರಗೆ ದಾರಿ ಬಿಡಿಸಲೂ ಬಳಸುವ ಮೂವ್; ಮುಖ್ಯ ಕಥೆ ಮುಗಿಸಲು ಬೇಕಾದವು ಕಟ್, ಸರ್ಫ್, ಸ್ಟ್ರೆಂತ್. ಫ್ಲೈ ಇದ್ದರೆ ಸಮಯ ಉಳಿಯುತ್ತದೆ. ಫ್ಲ್ಯಾಶ್ ಇಲ್ಲದೆಯೂ ರಾಕ್ ಟನೆಲ್ ದಾಟಬಹುದು. ರಾಕ್ ಸ್ಮ್ಯಾಶ್, ವಾಟರ್‌ಫಾಲ್ ಬೇಕಾಗುವುದು ದ್ವೀಪಗಳಲ್ಲಿ. ಎಚ್‌ಎಂ ಒಮ್ಮೆ ಕಲಿಸಿದರೆ ಫ್ಯೂಷಿಯಾ ಊರಿನ ಮೂವ್ ಡಿಲೀಟರ್ ಬಳಿ ಹೋಗುವವರೆಗೆ ಅಳಿಸಲಾಗದು. ಆದ್ದರಿಂದ ಹೊಡೆದಾಡುವವರ ಮೇಲೆ ಕಟ್ ಹೇರಬೇಡಿ.

ಇದಕ್ಕೆ ಒಳ್ಳೆಯ ಆಳು ಫಾರ್‌ಫೆಚ್ಡ್. ವರ್ಮಿಲಿಯನ್‌ನ ಒಂದು ಮನೆಯಲ್ಲಿ ಸ್ಪಿಯರೋ ಕೊಟ್ಟರೆ ಅದನ್ನು ಕೊಡುತ್ತಾರೆ, ಇದು ಆಟದೊಳಗಿನ ಟ್ರೇಡ್, ಕೇಬಲ್ ಬೇಡ. ರೂಟ್ 3 ಅಥವಾ 22ರಲ್ಲಿ ಒಂದು ಸ್ಪಿಯರೋ ಹಿಡಿದಿಟ್ಟುಕೊಳ್ಳಿ. ಕಟ್, ಫ್ಲೈ ಎರಡೂ ಇದರ ಮೇಲೆ. ಇದಕ್ಕೆ ಲೆವೆಲ್ ಬೇಡ, ಅಂಕ ಕೊಡಬೇಡಿ.

ಹೆಜ್ಜೆ 5: ನಡುವಿನ ದೊಡ್ಡವರು

ಲ್ಯಾವೆಂಡರ್ ಊರಿನ ಗೋಪುರ ಮುಗಿಸಿ ಪೋಕೆ ಫ್ಲೂಟ್ ಪಡೆದ ಮೇಲೆ ರೂಟ್ 12 ಮತ್ತು 16ರಲ್ಲಿ ಒಂದೊಂದು ಸ್ನಾರ್ಲ್ಯಾಕ್ಸ್, 30ನೇ ಲೆವೆಲ್‌ನವು. ಎಬ್ಬಿಸುವ ಮೊದಲು ಸೇವ್ ಮಾಡಿ. ನಿಧಾನದ ಗುಂಪಾದರೂ ಇದನ್ನು ಬಿಡಬಾರದು. 160 ಆರೋಗ್ಯ, 110 ಅಟ್ಯಾಕ್, 110 ಸ್ಪೆಷಲ್ ಡಿಫೆನ್ಸ್ ಇರುವ ಇದು ಬಂದ ದಿನದಿಂದಲೇ ತಂಡವನ್ನು ಹೊರುತ್ತದೆ. ಸ್ಟ್ರೆಂತ್ ಇದಕ್ಕೇ ಕಲಿಸಿ: ನಾರ್ಮಲ್ ಟೈಪ್ ಆದ್ದರಿಂದ ಆ 80 ಬಲದ ಮೂವ್ ಇದರ ಕೈಯಲ್ಲಿ ಒಂದೂವರೆ ಪಟ್ಟು ಬೀಳುತ್ತದೆ, ಬಂಡೆ ತಳ್ಳುವ ಕೆಲಸವೂ ಆಯಿತು. ಜಿಮ್ ನಾಯಕಿ ಸಬ್ರೀನಾಳ 43ನೇ ಲೆವೆಲ್ ಅಲಕಾಜಾಮ್ ಎದುರು ಇದಕ್ಕಿಂತ ಒಳ್ಳೆಯವರಿಲ್ಲ.

ಇನ್ನು ಎಲೆಕ್ಟ್ರಿಕ್. ಇಲ್ಲಿ ಮೂರು ದಾರಿ, ಮೂರರಲ್ಲೂ ಹಳ್ಳ ಇದೆ. ವಿರಿಡಿಯನ್ ಕಾಡಿನ ಪಿಕಾಚು ಬೇಗ ಸಿಗುತ್ತದೆ, ಆದರೆ 26ಕ್ಕೆ ಥಂಡರ್‌ಬೋಲ್ಟ್ ಕಲಿಯುವವರೆಗೆ ಥಂಡರ್ ಸ್ಟೋನ್ ಕೊಡಬಾರದು, ರಾಯ್ಚು ತಾನಾಗಿ ಅದನ್ನು ಕಲಿಯುವುದಿಲ್ಲ. ಸೆಲಾಡನ್‌ನಲ್ಲಿ ಉಚಿತವಾಗಿ ಸಿಗುವ ಈವೀ 25ನೇ ಲೆವೆಲ್‌ನದು. ಅಲ್ಲಿನ ಅಂಗಡಿಯ 2,100ರ ಕಲ್ಲು ಕೊಟ್ಟು ಜೋಲ್ಟಿಯನ್ ಮಾಡಿದರೆ, ಅದು 16ಕ್ಕೆ ಕಲಿಯಬೇಕಿದ್ದ ಥಂಡರ್‌ಶಾಕ್ ದಾಟಿ ಹೋಗಿರುತ್ತದೆ. ಮುಂದಿನ ಎಲೆಕ್ಟ್ರಿಕ್ ದಾಳಿ 52ಕ್ಕೆ. ಸರ್ಜ್ ಕೊಟ್ಟ ಶಾಕ್ ವೇವ್, ಅಂದರೆ ಟಿಎಂ 34, ಬೇರೆಯವರಿಗೆ ಖರ್ಚು ಮಾಡಿದ್ದರೆ ಜೋಲ್ಟಿಯನ್ ಕೈಕಟ್ಟಿ ಕೂರುತ್ತದೆ. ಮೂರನೆಯದು ಝಾಪ್ಡೋಸ್. ಸರ್ಫ್ ಬಂದ ಮೇಲೆ ಪವರ್ ಪ್ಲಾಂಟ್‌ನಲ್ಲಿ 50ನೇ ಲೆವೆಲ್‌ನದು ಸಿಗುತ್ತದೆ. ತಡವಾಗಿ ಬಂದರೂ ಬೆಳೆದೇ ಬರುತ್ತದೆ, ಆದ್ದರಿಂದ ನಮ್ಮ ಆಯ್ಕೆ ಇದೇ. ಡ್ರಿಲ್ ಪೆಕ್ ಕಲಿತಿರುತ್ತದೆ, ಎಲೆಕ್ಟ್ರಿಕ್ ದಾಳಿ ಮಾತ್ರ ಇದಕ್ಕೂ ಇಲ್ಲ! ಶಾಕ್ ವೇವ್ ಇದಕ್ಕಾಗಿ ಉಳಿಸಿ. ಅಥವಾ ಸೆಲಾಡನ್ ಗೇಮ್ ಕಾರ್ನರ್‌ನಲ್ಲಿ 4,000 ನಾಣ್ಯಕ್ಕೆ ಥಂಡರ್‌ಬೋಲ್ಟ್ ಸಿಗುತ್ತದೆ. 500 ನಾಣ್ಯಕ್ಕೆ 10,000ದಂತೆ ಅದು 80,000 ಪೋಕೆಡಾಲರ್ ಆಯಿತು. ಒಂದು ಕೊಳ್ಳಬಹುದು, ಎರಡನೆಯದಕ್ಕೆ ಹಣ ಕೂಡಿಸುತ್ತ ಕೂರಬೇಡಿ.

ನೀರಿನವರು ಇನ್ನೂ ಇಲ್ಲದಿದ್ದರೆ ಸಿಲ್ಫ್ ಕಂಪನಿಯ 7ನೇ ಮಹಡಿಯಲ್ಲಿ ಲಾಪ್ರಸ್ ಉಚಿತ. 25ನೇ ಲೆವೆಲ್‌ನದಾದ್ದರಿಂದ ಹಿಂದುಳಿದಿರುತ್ತದೆ. ಬ್ಲೇನ್‌ನ ಜಿಮ್‌ನಲ್ಲಿರುವವರೆಲ್ಲ ಬೆಂಕಿಯವರು, ಅಲ್ಲಿನ ಎಲ್ಲ ಕಾಳಗವನ್ನೂ ಸರ್ಫ್ ಕಲಿತ ಲಾಪ್ರಸ್‌ಗೇ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಐಸ್ ಬೀಮ್ ತಾನಾಗಿ ಕಲಿಯುವುದರಿಂದ ಎಲೀಟ್ ಫೋರ್‌ನ ಲ್ಯಾನ್ಸ್‌ಗೂ ಉತ್ತರ ಸಿಕ್ಕಂತೆ. ಮೌಂಟ್ ಮೂನ್ ಎದುರು 500ಕ್ಕೆ ಮಾರುವ ಮ್ಯಾಜಿಕಾರ್ಪ್‌ಗೆ ಮರುಳಾಗಬೇಡಿ. 20ಕ್ಕೆ ಬಂದು ಗ್ಯಾರಡೋಸ್ ಆಗಲು ಅದಕ್ಕೆ ಒಟ್ಟು 10,000 ಅಂಕ ಬೇಕು, ಅದೇ ಲೆವೆಲ್‌ಗೆ ಸ್ಟಾರ್ಟರ್‌ಗೆ ಸಾಕಾಗುವುದು 5,460. ಅಷ್ಟು ಸುರಿದು ಪಡೆದ ಗ್ಯಾರಡೋಸ್ ಏಕೆ ಸಪ್ಪೆ ಎಂಬುದನ್ನು ಮೇಲೆ ಹೇಳಿದೆ.

ಹೆಜ್ಜೆ 6: ಲೆವೆಲ್ ಅಳತೆ

ಮಿಸ್ಟಿಗೆ 20–22, ಸರ್ಜ್‌ಗೆ 24, ಎರಿಕಾಗೆ 30, ಕೋಗಾಗೆ 38–40, ಸಬ್ರೀನಾಗೆ 41, ಬ್ಲೇನ್‌ಗೆ 44, ಜಿಯೊವಾನಿಗೆ 46. ಇಷ್ಟಿದ್ದರೆ ಟೈಪ್ ಅನುಕೂಲದಿಂದ ಗೆಲ್ಲಬಹುದು. ಹಿಂದೆ ಬಿದ್ದರೆ ವರ್ಮಿಲಿಯನ್ ಪೋಕೆಮಾನ್ ಸೆಂಟರ್‌ನಲ್ಲಿ ಸಿಗುವ ವಿಎಸ್ ಸೀಕರ್ ಬಳಸಿ; 100 ಹೆಜ್ಜೆ ನಡೆದರೆ ಚಾರ್ಜ್ ಆಗುತ್ತದೆ, ಸೋತ ತರಬೇತುದಾರರು ಮತ್ತೆ ಕಾಳಗಕ್ಕೆ ಬರುತ್ತಾರೆ. ಕಾಡಿನವನ್ನು ಹೊಡೆಯುವುದಕ್ಕಿಂತ ಅಂಕವೂ ಹೆಚ್ಚು, ಹಣವೂ ಬರುತ್ತದೆ.

ಕೋಗಾ ಬಗ್ಗೆ ಒಂದು ಎಚ್ಚರಿಕೆ. ಪಾಯ್ಸನ್‌ಗೆ ಗ್ರೌಂಡ್ ಪೆಟ್ಟು ಜೋರು ಎಂದು ನಿಡೊಕಿಂಗ್‌ನ ಡಿಗ್ ನಂಬಿ ಹೋಗುತ್ತಾರೆ. ಅವನ ನಾಲ್ಕರಲ್ಲಿ ಮೂರು, ಅಂದರೆ ಎರಡು ಕಾಫಿಂಗ್, ಒಂದು ವೀಜಿಂಗ್, ಲೆವಿಟೇಟ್ ಗುಣದಿಂದ ತೇಲುತ್ತಿರುತ್ತವೆ. ಗ್ರೌಂಡ್ ಮೂವ್ ತಾಗುವುದಿಲ್ಲ. ಅಗಾಥಾಳ ಎರಡು ಗೆಂಗಾರ್, ಒಂದು ಹಾಂಟರ್ ಕೂಡ ಹಾಗೆಯೇ. ಎರಡೂ ಕಡೆ ಕಡಾಬ್ರಾ ಮುಂದಿರಲಿ, ಆದರೆ ಅದರ ಡಿಫೆನ್ಸ್ 30 ಮಾತ್ರ, ಒಂದು ಫಿಸಿಕಲ್ ಪೆಟ್ಟಿಗೇ ಬೀಳಬಹುದು.

ಹೆಜ್ಜೆ 7: ಎಲೀಟ್ ಫೋರ್

ನಾಲ್ವರು, ಕೊನೆಗೆ ಪ್ರತಿಸ್ಪರ್ಧಿ, ಒಟ್ಟು ಐದು ಕಾಳಗ, ನಡುವೆ ಪೋಕೆಮಾನ್ ಸೆಂಟರ್ ಇಲ್ಲ. ನಾಲ್ವರು ಹೋರಾಟಗಾರರು 50ರಿಂದ 54ರೊಳಗೆ ಇರಲಿ. ಫಾರ್‌ಫೆಚ್ಡ್ ಬಿಟ್ಟು ಹೋಗಿ, ಆ ಜಾಗಕ್ಕೆ 50ನೇ ಲೆವೆಲ್‌ನಲ್ಲೇ ಐಸ್ ಬೀಮ್ ಜೊತೆ ಸಿಗುವ ಸೀಫೋಮ್ ದ್ವೀಪದ ಆರ್ಟಿಕ್ಯುನೊ ತರಬಹುದು. 3,000ದ ಫುಲ್ ರಿಸ್ಟೋರ್ 8, 1,500ರ ರಿವೈವ್ 6 ಕೊಂಡರೆ 33,000 ಆಗುತ್ತದೆ, ಅಷ್ಟು ಕೈಯಲ್ಲಿರಲಿ. ದಾರಿಯಲ್ಲಿ ಸಿಕ್ಕ ಈಥರ್‌ಗಳನ್ನು ಮೊದಲೇ ಬಳಸಿಬಿಡಬೇಡಿ, ಇಲ್ಲಿ ಮೂವ್‌ನ ಪಿಪಿ, ಅಂದರೆ ಅದನ್ನು ಬಳಸಬಹುದಾದ ಸಲಗಳು, ಮುಗಿದರೆ ಬೇರೆ ದಾರಿಯಿಲ್ಲ.

ಲೊರೆಲೈಯ ಐದರಲ್ಲಿ ಜಿಂಕ್ಸ್ ಬಿಟ್ಟು ನಾಲ್ಕಕ್ಕೆ ಎಲೆಕ್ಟ್ರಿಕ್ ಜೋರಾಗಿ ತಾಗುತ್ತದೆ. ಬ್ರೂನೋನ ಎರಡು ಆನಿಕ್ಸ್‌ಗೆ ಸರ್ಫ್, ಉಳಿದ ಮೂವರಿಗೆ ಸೈಕಿಕ್ ಅಥವಾ ಡ್ರಿಲ್ ಪೆಕ್. ಲ್ಯಾನ್ಸ್‌ನ ಗ್ಯಾರಡೋಸ್‌ಗೆ ಎಲೆಕ್ಟ್ರಿಕ್ ನಾಲ್ಕು ಪಟ್ಟು, 60ನೇ ಲೆವೆಲ್‌ನ ಡ್ರಾಗನೈಟ್‌ಗೆ ಐಸ್ ನಾಲ್ಕು ಪಟ್ಟು.

ಕೊನೆಗೆ ಎದುರಾಗುವ ಪ್ರತಿಸ್ಪರ್ಧಿಯ ತಂಡ ನಿಮ್ಮ ಸ್ಟಾರ್ಟರ್ ಮೇಲೆ ನಿಂತಿದೆ. ನೀವು ಚಾರ್‌ಮ್ಯಾಂಡರ್ ಆರಿಸಿದ್ದರೆ ಅವನ ಬಳಿ ಬ್ಲಾಸ್ಟಾಯ್ಸ್, ಆರ್ಕನೈನ್, ಎಕ್ಸೆಗ್ಯೂಟರ್. ಬಲ್ಬಸಾರ್ ಆದರೆ ಚಾರಿಜಾರ್ಡ್, ಗ್ಯಾರಡೋಸ್, ಎಕ್ಸೆಗ್ಯೂಟರ್. ಸ್ಕ್ವರ್ಟಲ್ ಆದರೆ ವೀನಸಾರ್, ಆರ್ಕನೈನ್, ಗ್ಯಾರಡೋಸ್. ಪಿಜಿಯಟ್, ಅಲಕಾಜಾಮ್, ರೈಡನ್ ಮೂರೂ ಎಲ್ಲರಿಗೂ ಸಮಾನ. ಮೊದಲು ಇಳಿಯುವುದು 59ನೇ ಲೆವೆಲ್ ಪಿಜಿಯಟ್, ಹಾಗಾಗಿ ಝಾಪ್ಡೋಸ್ ಮುಂದಿರಲಿ. ಅಲಕಾಜಾಮ್ ಬಂದರೆ ಸ್ನಾರ್ಲ್ಯಾಕ್ಸ್, ರೈಡನ್ ಬಂದರೆ ಸರ್ಫ್.